ದೂರದ ಹೊಲದ ಲೆಕ್ಕ: ದಕ್ಷಿಣ ಸುಡಾನಿನಲ್ಲಿ ಭದ್ರತೆ ಮತ್ತು ಬಡತನವನ್ನು ಒಟ್ಟಿಗೆ ನೋಡಿದ ನನ್ನ ಅನುಭವ

ಸಂಘರ್ಷದಿಂದ ನಲುಗಿದ ದೇಶಗಳಲ್ಲಿ ಮೊದಲು ಭದ್ರತೆ, ಆಮೇಲೆ ಬಡತನ ನಿವಾರಣೆ ಎಂಬ ಕ್ರಮವನ್ನು ಯೋಜನೆಯ ಕಡತಗಳು ಬಹುಕಾಲ ಪಾಲಿಸಿಕೊಂಡು ಬಂದಿವೆ. ದಕ್ಷಿಣ ಸುಡಾನಿನ ಜೊಂಗ್ಲೈ ಪ್ರದೇಶದಲ್ಲಿ ಮೊದಲು ಪಶುವೈದ್ಯನಾಗಿ, ನಂತರ ಜೀವನೋಪಾಯ ಯೋಜನೆಗಳ ಉಸ್ತುವಾರಿ ಹೊತ್ತು ಕೆಲಸ ಮಾಡಿದ ನನಗೆ ಈ ಕ್ರಮ ಎಂದೂ ಉಪಯೋಗಕ್ಕೆ ಬರಲಿಲ್ಲ. ಅಲ್ಲಿನ ಕುಟುಂಬವೊಂದು ಯಾವ ಹೊಲವನ್ನು ಉಳಬೇಕು, ಯಾವ ಹಸುವನ್ನು ಯಾವ ನೆಂಟರ ಬಳಿ ಬಿಡಬೇಕು, ಸಂತೆಗೆ ಯಾರನ್ನು ಕಳುಹಿಸಬೇಕು ಎಂದು ತೀರ್ಮಾನಿಸುವಾಗ ಜೀವಭಯವೂ ಹೊಟ್ಟೆಪಾಡೂ ಒಂದೇ ಲೆಕ್ಕದೊಳಗೆ ಸೇರಿರುತ್ತವೆ. ನಮ್ಮ ಆಯವ್ಯಯದಲ್ಲಿ ಮಾತ್ರ ಅವು ಬೇರೆ ಬೇರೆ: ಭದ್ರತೆ ಎಂದರೆ ಕಚೇರಿಯ ಕಾವಲುಗಾರ, ರೇಡಿಯೊ ಮತ್ತು ವಾಹನ, ಬಡತನ ನಿವಾರಣೆ ಎಂದರೆ ಬೀಜ, ಆಡು ಮತ್ತು ತರಬೇತಿ.

ವಿಶ್ವಬ್ಯಾಂಕ್ 2011ರ ತನ್ನ ವಿಶ್ವ ಅಭಿವೃದ್ಧಿ ವರದಿಯನ್ನು ಇದೇ ವಿಷಯಕ್ಕೆ ಮೀಸಲಿಟ್ಟಿತ್ತು. 1981ರಿಂದ 2005ರ ನಡುವೆ ತೀವ್ರ ಹಿಂಸೆ ಕಂಡ ದೇಶಗಳಲ್ಲಿ ಬಡತನದ ಪ್ರಮಾಣ ಹಿಂಸೆ ಕಾಣದ ದೇಶಗಳಿಗಿಂತ ಶೇಕಡಾ 21 ಅಂಶಗಳಷ್ಟು ಹೆಚ್ಚಿದೆ ಎಂದು ಅದು ಲೆಕ್ಕ ಹಾಕಿತು. ಸಂಘರ್ಷಪೀಡಿತ ಅಥವಾ ದುರ್ಬಲ ಸ್ಥಿತಿಯಲ್ಲಿದ್ದ ಕಡಿಮೆ ಆದಾಯದ ಒಂದು ದೇಶವೂ ಅಲ್ಲಿಯವರೆಗೆ ವಿಶ್ವಸಂಸ್ಥೆ 2015ಕ್ಕೆಂದು ಇಟ್ಟುಕೊಂಡಿದ್ದ ಸಹಸ್ರಮಾನದ ಅಭಿವೃದ್ಧಿ ಗುರಿಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ ಎಂದೂ ಹೇಳಿತು. ದಕ್ಷಿಣ ಸುಡಾನ್ ಸುಡಾನಿನಿಂದ ಬೇರೆಯಾಗಿ ಸ್ವತಂತ್ರವಾದದ್ದು ಅದೇ ವರ್ಷದ ಜುಲೈ 9ರಂದು. ವರದಿಯ ಅಂಕಿಗಳು ಹಿಂಸೆಗೂ ಬಡತನಕ್ಕೂ ನಂಟು ಇದೆಯೆಂದು ತೋರಿಸುತ್ತವೆ. ಆ ನಂಟು ಒಂದು ಮನೆಯೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಬೇರೆ ರೀತಿಯಲ್ಲಿ ಕಂಡುಕೊಳ್ಳಬೇಕಿತ್ತು.

ನಾನು ಆರಿಸಿಕೊಂಡ ಅಳತೆ ಸರಳವಾದದ್ದು. ಈ ಬಾರಿ ನೀವು ಬಿತ್ತಿದ ಹೊಲಗಳಲ್ಲಿ ಎಲ್ಲಕ್ಕಿಂತ ದೂರದ್ದು ಮನೆಯಿಂದ ಎಷ್ಟು ನಡಿಗೆಯಲ್ಲಿದೆ ಎಂದು ಹೆಂಗಸರನ್ನು ಕೇಳುವುದು. ಅಲ್ಲಿ ಮನೆಯ ಸುತ್ತ ಒಂದು ಸಣ್ಣ ತುಂಡು ಹೊಲವಿರುತ್ತದೆ, ಊರಿನಿಂದ ಆಚೆ ದೊಡ್ಡ ಹೊಲವಿರುತ್ತದೆ. ಹಸಿವಿನ ತಿಂಗಳುಗಳನ್ನು ಸ್ವಲ್ಪ ಮುಂದೂಡಲು ಹತ್ತಿರದ ಹೊಲ ಸಾಕು. ವರ್ಷವಿಡೀ ಉಣ್ಣುವಷ್ಟು ಜೋಳ ಬರಬೇಕಾದರೆ ದೂರದ ಹೊಲವೇ ಬೇಕು, ಏಕೆಂದರೆ ಹತ್ತಿರದ ನೆಲ ಪ್ರತಿವರ್ಷದ ಬಿತ್ತನೆಯಿಂದ ಸಾರ ಕಳೆದುಕೊಂಡಿರುತ್ತದೆ. ದೂರದ ಹೊಲದಲ್ಲಿ ಬಿತ್ತಿ ಬಂದರೆ ಸಾಲದು, ಕಳೆ ಕೀಳಬೇಕು, ತೆನೆ ಕಟ್ಟುವಾಗ ಹಕ್ಕಿ ಓಡಿಸಲು ಮಕ್ಕಳನ್ನು ಕರೆದುಕೊಂಡು ಅಲ್ಲೇ ಇರಬೇಕು. ದಾಳಿಯ ಸುದ್ದಿ ಹಬ್ಬಿದ ವರ್ಷ ಮೊದಲು ಬಿಟ್ಟುಹೋಗುವುದು ಈ ಕಾಯುವ ಕೆಲಸ, ಮರುವರ್ಷ ಬಿತ್ತನೆಯೇ ನಿಂತುಹೋಗುತ್ತದೆ. ಒಂದು ಗುಂಡೂ ಹಾರದ, ಘಟನೆಗಳ ಪಟ್ಟಿಯಲ್ಲಿ ಶಾಂತವೆಂದು ದಾಖಲಾದ ಹಳ್ಳಿಯಲ್ಲಿಯೂ ಬಿತ್ತಿದ ನೆಲ ಮನೆಯ ಬೇಲಿಗೆ ಅಂಟಿಕೊಂಡಿದ್ದರೆ ಅಲ್ಲಿ ಭದ್ರತೆ ಇಲ್ಲವೆಂದೇ ನಾನು ಬರೆಯುತ್ತಿದ್ದೆ. ಗಂಡಸರನ್ನು ಕೇಳಿದರೆ ಉತ್ತರ ಬೇರೆ ಬರುತ್ತಿತ್ತು, ಅವರು ದನಗಳ ಬಿಡಾರದ ಭದ್ರತೆಯನ್ನು ಹೇಳುತ್ತಿದ್ದರು. ಎರಡೂ ನಿಜ, ಆದರೆ ಯೋಜನೆಗಳು ಸಾಮಾನ್ಯವಾಗಿ ಎರಡನೆಯದನ್ನಷ್ಟೇ ಕೇಳಿಸಿಕೊಳ್ಳುತ್ತವೆ.

ದನದ ವಿಷಯ ಇನ್ನೂ ತೊಡಕಿನದು. ಅಲ್ಲಿನ ದನಗಾಹಿ ಸಮುದಾಯಗಳಾದ ಡಿಂಕಾ, ನುಯೇರ್ ಮತ್ತು ಮುರ್ಲೆ ಜನರಿಗೆ ದನವೇ ಉಳಿತಾಯ, ವಧುದಕ್ಷಿಣೆ, ಕೊಲೆಗೆ ತೆರಬೇಕಾದ ಪರಿಹಾರ. ಆದ್ದರಿಂದಲೇ ಬಡ ಕುಟುಂಬಕ್ಕೆ ಹಸು ಕೊಟ್ಟು ಆಸ್ತಿ ಬೆಳೆಸುವ, ಬೇರೆಡೆ ಚೆನ್ನಾಗಿ ನಡೆಯುವ ಉಪಾಯವನ್ನು ಇಲ್ಲಿ ಎರಡು ಸಲ ಯೋಚಿಸಬೇಕು: ಕಾವಲಿಗೆ ಬಂದೂಕು ಹಿಡಿಯುವ ಮಗನಿಲ್ಲದ ವಿಧವೆಗೆ ಹಸು ಕೊಟ್ಟರೆ ದಾಳಿಕೋರರಿಗೆ ಆಕೆಯ ಮನೆಯ ವಿಳಾಸ ಕೊಟ್ಟಂತೆ. ಹಾಗಾಗಿ ಹಂಚುವ ಪ್ರತಿಯೊಂದು ವಸ್ತುವಿಗೂ ನಾನು ಒಂದೇ ಪ್ರಶ್ನೆ ಹಾಕುತ್ತಿದ್ದೆ: ರಾತ್ರೋರಾತ್ರಿ ಓಡಬೇಕಾಗಿ ಬಂದರೆ ಇದನ್ನು ಒಯ್ಯಲು ಸಾಧ್ಯವೇ? ಗಾಳ, ಬಲೆ ಹೆಣೆಯುವ ದಾರ, ತರಕಾರಿ ಬೀಜ ಆ ಪರೀಕ್ಷೆಯಲ್ಲಿ ಗೆದ್ದವು. 2017ರ ಫೆಬ್ರುವರಿಯಲ್ಲಿ ಯುನಿಟಿ ಪ್ರದೇಶದ ಲೇರ್ ಮತ್ತು ಮಯೆಂಡಿಟ್‌ನಲ್ಲಿ ಕ್ಷಾಮ ಘೋಷಣೆಯಾಗಿ ಸುಮಾರು 1,00,000 ಜನ ಸಾವಿನಂಚಿನ ಹಸಿವಿನಲ್ಲಿದ್ದಾಗ, ನೈಲ್ ನದಿಯ ಸುಡ್ ಎಂಬ ವಿಶಾಲ ಜೌಗಿನ ದ್ವೀಪಗಳಿಗೆ ಓಡಿದ ಕುಟುಂಬಗಳು ಮೀನು ಮತ್ತು ನೈದಿಲೆಯ ಗೆಡ್ಡೆಯ ಮೇಲೆ ಜೀವ ಹಿಡಿದವು. ಆ ಕ್ಷಾಮಕ್ಕೆ ಮುಖ್ಯ ಕಾರಣ ಮಳೆಯ ಅಭಾವವಲ್ಲ, 2013ರಿಂದ ನಡೆಯುತ್ತಿದ್ದ ಅಂತರ್ಯುದ್ಧ.

ಹೊಸ ದನ ಕೊಡುವ ಬದಲು ಇರುವ ದನ ಸಾಯದಂತೆ ನೋಡಿಕೊಳ್ಳುವುದು ನನ್ನ ಕೆಲಸದ ತಿರುಳಾಯಿತು. ಚಪ್ಪೆ ರೋಗ, ಗಳಲೆ ರೋಗ, ದನಗಳ ಸಾಂಕ್ರಾಮಿಕ ಶ್ವಾಸಕೋಶದ ಬೇನೆ, ಆಡುಗಳ ಹಿರೇಬೇನೆ, ಇವುಗಳಿಗೆ ಲಸಿಕೆ. ಇದಕ್ಕೆ ಆ ನೆಲದಲ್ಲಿಯೇ ದೊಡ್ಡ ಮಾದರಿಯೊಂದಿತ್ತು. 1989ರಲ್ಲಿ ಶುರುವಾದ, ಆಪರೇಷನ್ ಲೈಫ್‌ಲೈನ್ ಸುಡಾನ್ ಎಂಬ ವಿಶ್ವಸಂಸ್ಥೆಯ ನೆರವು ಕಾರ್ಯಾಚರಣೆಯ ಅಡಿಯಲ್ಲಿ, 1993ರಿಂದ ಯುನಿಸೆಫ್ ಮುಂದಾಳತ್ವದಲ್ಲಿ, ದನಗಾಹಿಗಳನ್ನೇ ಲಸಿಕೆದಾರರನ್ನಾಗಿ ತರಬೇತುಗೊಳಿಸಿ, ವಾರಗಟ್ಟಲೆ ಐಸ್ ಇಲ್ಲದೆ ಉಳಿಯುವ ಲಸಿಕೆಯನ್ನು ಅವರ ಕೈಗೆ ಕೊಡಲಾಯಿತು. ಸುಡಾನಿನ ಆಗಿನ ಅಂತರ್ಯುದ್ಧದ ನಡುವೆಯೇ ಅವರು ಒಂದೇ ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ದನಗಳಿಗೆ ದೊಡ್ಡರೋಗದ (ರಿಂಡರ್‌ಪೆಸ್ಟ್) ಲಸಿಕೆ ಹಾಕಿದರು. 2011ರಲ್ಲಿ ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಶಾಂತಿ ಬರಲಿ, ಆಮೇಲೆ ಲಸಿಕೆ ಎಂದು ಕಾದಿದ್ದರೆ ಅದು ಆಗುತ್ತಿರಲಿಲ್ಲ.

ನಾನು ಇದಕ್ಕೆ ಸೇರಿಸಿದ್ದು ಒಂದು ನಿಯಮವನ್ನು ಮಾತ್ರ. ಪರಸ್ಪರ ದಾಳಿ ನಡೆಸುವ ಎರಡು ಸಮುದಾಯಗಳಲ್ಲಿ ಒಂದಕ್ಕೆ ಲಸಿಕೆ ಹಾಕುವುದಿದ್ದರೆ ಅದೇ ಒಣಗಾಲದಲ್ಲಿ, ಸಾಧ್ಯವಾದರೆ ಅದೇ ವಾರಗಳಲ್ಲಿ, ಇನ್ನೊಂದಕ್ಕೂ ಹಾಕಬೇಕು. ವೈದ್ಯಕೀಯವಾಗಿಯೂ ಅದೇ ಸರಿ, ಏಕೆಂದರೆ ಕದ್ದ ದನ ರೋಗವನ್ನೂ ಹೊತ್ತುಕೊಂಡೇ ಗಡಿ ದಾಟುತ್ತದೆ. ನವೆಂಬರ್ ನಂತರ ನೀರು ಇಳಿದು ಬಿಡಾರಗಳು ನದಿಯಂಚಿನ ಹುಲ್ಲುಗಾವಲಿಗೆ ಸರಿಯುವಾಗ ಎರಡೂ ಕಡೆಯವರು ಹತ್ತಿರ ಬರುತ್ತಾರೆ. ಘರ್ಷಣೆಯ ಕಾಲವೂ ಅದೇ, ಲಸಿಕೆಗೆ ಅನುಕೂಲದ ಕಾಲವೂ ಅದೇ. ಲಸಿಕೆದಾರರ ಓಡಾಟದ ಹಾದಿಗಾಗಿ ಎರಡೂ ಬಿಡಾರಗಳ ಹಿರಿಯರು ಕುಳಿತು ಮಾತಾಡಬೇಕಾಗುತ್ತಿತ್ತು. ಆ ಮಾತುಕತೆಯನ್ನು ನಾನು ಶಾಂತಿಸಭೆ ಎಂದು ಎಲ್ಲಿಯೂ ಕರೆಯಲಿಲ್ಲ. ಕರೆದಿದ್ದರೆ ರಾಜಧಾನಿಯಿಂದ ಅತಿಥಿಗಳೂ ಬ್ಯಾನರುಗಳೂ ಬರುತ್ತಿದ್ದವು. ಹುಲ್ಲು ಮತ್ತು ನೀರಿನ ಮಾತಿನಿಂದ ದೊಡ್ಡ ಒಪ್ಪಂದ ಹುಟ್ಟಿದ್ದೂ ಇದೆ: 1999ರಲ್ಲಿ ವುನ್ಲಿತ್‌ನಲ್ಲಿ ನೈಲ್‌ನ ಪಶ್ಚಿಮ ದಂಡೆಯ ಡಿಂಕಾ ಮತ್ತು ನುಯೇರ್ ಮುಖ್ಯಸ್ಥರು ಹಗೆತನ ನಿಲ್ಲಿಸಿ ಹುಲ್ಲುಗಾವಲು, ಮೀನುಗಾರಿಕೆಯ ನೀರುಗಳನ್ನು ಪರಸ್ಪರ ತೆರೆದುಕೊಟ್ಟರು.

ಬಲವಂತದ ದಾರಿ ಏನಾಯಿತೆಂಬುದಕ್ಕೂ ಜೊಂಗ್ಲೈಯೇ ಉದಾಹರಣೆ. 2006ರಲ್ಲಿ ನುಯೇರ್ ಜನರ ಒಂದು ಶಾಖೆಯಾದ ಲೌ ನುಯೇರ್ ಸಮುದಾಯದ ಶಸ್ತ್ರಗಳನ್ನು ಕಿತ್ತುಕೊಳ್ಳುವ ಕಾರ್ಯಾಚರಣೆಯಲ್ಲಿ ಸುಮಾರು 3,000 ಬಂದೂಕುಗಳು ಸಿಕ್ಕವು, ಸುಮಾರು 1,600 ಜನ ಸತ್ತರು. ನೆರೆಯವರ ಬಂದೂಕು ಉಳಿದಿರುವಾಗ ಒಬ್ಬರದನ್ನಷ್ಟೇ ಕಿತ್ತುಕೊಂಡರೆ ಅವರ ದನ ನೆರೆಯವರ ಪಾಲಾಗುತ್ತದೆ ಎಂಬುದು ಅಲ್ಲಿನ ಯಾವ ಹುಡುಗನಿಗೂ ತಿಳಿದ ವಿಷಯ. 2012ರ ಆರಂಭದಲ್ಲಿ ಸಾವಿರಾರು ಲೌ ನುಯೇರ್ ಯುವಕರು ಮುರ್ಲೆ ಜನರ ಪಿಬೋರ್ ಮೇಲೆ ನುಗ್ಗಿದ್ದು ಇಂತಹ ಹಲವು ವರ್ಷಗಳ ದಾಳಿ–ಪ್ರತಿದಾಳಿಯ ಮುಂದುವರಿಕೆಯಾಗಿ.

ಶಾಂತಿಪಾಲಕರ ಶಿಬಿರಗಳ ಬಗ್ಗೆ ಇಷ್ಟು ಹೇಳಬಲ್ಲೆ. 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಸಿಡಿದಾಗ ವಿಶ್ವಸಂಸ್ಥೆ ತನ್ನ ನೆಲೆಗಳ ಬಾಗಿಲು ತೆರೆದದ್ದರಿಂದ ಅಸಂಖ್ಯ ಜೀವಗಳು ಉಳಿದವು. ಬೆಂಟಿಯುವಿನ ನೆಲೆಯೊಂದರಲ್ಲೇ ಒಂದು ಹಂತದಲ್ಲಿ ಲಕ್ಷಕ್ಕೂ ಹೆಚ್ಚು ಜನರಿದ್ದರು. ಆದರೆ ಬೇಲಿಯೊಳಗೆ ಜೀವಕ್ಕೆ ಕಾವಲಿತ್ತು, ಜೀವನೋಪಾಯವಿರಲಿಲ್ಲ. ಸೌದೆಗೆಂದು ಹೆಂಗಸರು ಬೇಲಿ ದಾಟಲೇಬೇಕಿತ್ತು, ಅಪಾಯ ಕಾದಿರುತ್ತಿದ್ದುದೂ ಅಲ್ಲಿಯೇ. ಹೆಂಗಸರು ಸೌದೆಗೆ ಹೋಗುವ ದಿನ ಮತ್ತು ಹಾದಿಗೆ ಗಸ್ತನ್ನು ಹೊಂದಿಸುವುದು, ಕಡಿಮೆ ಸೌದೆ ಬೇಡುವ ಒಲೆ ಕೊಡುವುದು, ಇಂಥ ಸಣ್ಣ ಏರ್ಪಾಡುಗಳು ನನ್ನ ಕಣ್ಣಿಗೆ ಭದ್ರತಾ ಕ್ರಮಗಳೂ ಹೌದು, ಬಡತನದ ಕ್ರಮಗಳೂ ಹೌದು.

ನನ್ನ ಅನುಭವದಲ್ಲಿ ಬಡತನವನ್ನು ಸದ್ದಿಲ್ಲದೆ ಹೆಚ್ಚಿಸುವುದು ರಸ್ತೆ ತಡೆ. ಜೋಳದ ಲಾರಿಯಾಗಲಿ ನೈಲ್‌ನ ದೋಣಿಯಾಗಲಿ ತಡೆಯಿಂದ ತಡೆಗೆ ಹಣ ಕೊಡುತ್ತ ಸಾಗುತ್ತದೆ, ಆ ಹಣ ಕೊನೆಗೆ ಸಂತೆಯ ಧಾರಣೆಗೆ ಸೇರುತ್ತದೆ. ತಡೆಯಲ್ಲಿ ನಿಂತ ಸೈನಿಕನಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಸರ್ಕಾರದ ಆದಾಯದ ಬಹುಪಾಲು ತೈಲದಿಂದ ಬರುತ್ತಿತ್ತು, ಸುಡಾನ್ ಜೊತೆಗಿನ ಜಗಳದಲ್ಲಿ 2012ರಲ್ಲಿ ತೈಲ ಉತ್ಪಾದನೆಯನ್ನೇ ನಿಲ್ಲಿಸಲಾಯಿತು, ಅನಂತರ ಯುದ್ಧ ಬಂತು. ಸೈನಿಕನಿಗೆ ಸಕಾಲಕ್ಕೆ, ಹೆಸರಿನ ಪಟ್ಟಿ ಪರಿಶೀಲಿಸಿ ಸಂಬಳ ತಲುಪಿಸುವುದನ್ನು ಬಡತನ ನಿವಾರಣೆಯ ಕಾರ್ಯಕ್ರಮವೆಂದು ಪರಿಗಣಿಸಬೇಕೆಂಬ ನನ್ನ ಮಾತಿಗೆ ಸಭೆಗಳಲ್ಲಿ ಮೌನವೇ ಉತ್ತರವಾಗಿತ್ತು, ಏಕೆಂದರೆ ನೆರವಿನ ಹಣವನ್ನು ಸೇನೆಯ ಹತ್ತಿರಕ್ಕೂ ಒಯ್ಯಲು ಯಾರಿಗೂ ಮನಸ್ಸಿಲ್ಲ. ಆ ಹಿಂಜರಿಕೆಗೆ ಕಾರಣವಿದೆ, ಆ ಸೈನ್ಯದ ಮೇಲಿನ ಆರೋಪಗಳು ಸಣ್ಣವಲ್ಲ. ಆದರೂ ಸಂಬಳವಿಲ್ಲದ ಬಂದೂಕಿನ ಖರ್ಚನ್ನು ಈಗ ಭರಿಸುತ್ತಿರುವುದು ಸಂತೆಯಲ್ಲಿ ಜೋಳ ಕೊಳ್ಳುವ ಹೆಂಗಸು.

2018ರ ಸೆಪ್ಟೆಂಬರ್‌ನ ಶಾಂತಿ ಒಪ್ಪಂದದ ನಂತರವೂ ಊರೂರುಗಳ ನಡುವಿನ ದಾಳಿಗಳು ನಿಲ್ಲಲಿಲ್ಲ, ಹೀಗಾಗಿ ಒಪ್ಪಂದದ ದಿನಾಂಕವನ್ನು ನಾನು ಯೋಜನೆಯ ಆರಂಭಬಿಂದುವಾಗಿ ಬಳಸುವುದಿಲ್ಲ. ಈಗ ಹೊಸ ಯೋಜನೆ ಬರೆಯುವಾಗ ಆರಂಭಿಕ ಸಮೀಕ್ಷೆಯಲ್ಲಿ ಆದಾಯದ ಅಂಕಣದ ಪಕ್ಕದಲ್ಲೇ ಮೂರು ಅಂಕಣಗಳನ್ನು ಇಡುತ್ತೇನೆ: ಬಿತ್ತಿದ ಅತಿ ದೂರದ ಹೊಲ, ಸಂತೆಯವರೆಗಿನ ತಡೆಗಳು, ಒಂದೇ ದಾಳಿಯಲ್ಲಿ ಎಲ್ಲವೂ ಹೋಗದಿರಲೆಂದು ದನಗಳನ್ನು ಎಷ್ಟು ನೆಂಟರ ಬಳಿ ಹಂಚಿಟ್ಟಿದ್ದಾರೆ ಎಂಬುದು. ಮೂರನ್ನೂ ಪ್ರತಿ ಹಂಗಾಮಿನಲ್ಲಿ ಅದೇ ಮನೆಗಳಲ್ಲಿ ಮತ್ತೆ ಕೇಳುತ್ತೇವೆ, ಹೊಲ ಮನೆಯ ಕಡೆಗೆ ಸರಿಯತೊಡಗಿದ ಹಳ್ಳಿಯಲ್ಲಿ ಆಡು ಹಂಚಿಕೆಯನ್ನು ತಡೆಹಿಡಿದು ಆ ಹಣವನ್ನು ಲಸಿಕೆಗೂ ಗಾಳ–ದಾರಕ್ಕೂ ತಿರುಗಿಸುತ್ತೇವೆ.