ಪಕಾಸಿಯಿಂದ ಹಿಟ್ಟು ಉದುರುತ್ತಿದೆಯಾ? ಮೊದಲು ಕಾಗದ ಹಾಸಿ

ಮೂಡಿಗೆರೆ ಹತ್ತಿರದ ನಮ್ಮ ಹೆಂಚಿನ ಮನೆಗೆ ಹಿಂದುಗಡೆ ಒಂದು ಕೋಣೆ ಸೇರಿಸಿ ಎರಡು ವರ್ಷ ಆಗಿತ್ತು. ಒಂದು ದಿನ ಬೆಳಗ್ಗೆ ಅಲ್ಲಿನ ಮಂಚದ ಮೇಲೆ ಯಾರೋ ಮೈದಾ ಜರಡಿ ಹಿಡಿದ ಹಾಗೆ ಪುಡಿ ಬಿದ್ದಿತ್ತು. ಅಮ್ಮ ಮೇಲೆ ನೋಡಿ, "ಪಕಾಸಿಗೆ ಕುಟ್ಟೆ ಹಿಡಿದಿದೆ ಕಣೋ" ಅಂದರು. ಪಕಾಸಿ ಅಂದರೆ ಹೆಂಚು ಹೊರುವ ಸೂರಿನ ಮರ, ಕುಟ್ಟೆ ಅಂದರೆ ಮರ ಕೊರೆದು ಹಿಟ್ಟು ಮಾಡುವ ಹುಳ. ನನಗೆ ಗಾಬರಿ. ಔಷಧಿ ಹೊಡೆಯುವವರೊಬ್ಬರನ್ನು ಕರೆಸಿದೆ. ಅವರು ಟಾರ್ಚ್ ಬಿಟ್ಟು ಮನೆಯಿಡೀ ತೂತು ಹುಡುಕಿದರು. ಅಜ್ಜನ ಕಾಲದ ಹೊನ್ನೆ ತೊಲೆಯಲ್ಲೂ ಸಿಕ್ಕವು. ಒಂದೇ ದಿನದಲ್ಲಿ ಎಲ್ಲದಕ್ಕೂ, ವಾರ್ನಿಷ್ ಮೇಲೆಯೇ, ಔಷಧಿ ಸಿಂಪಡಿಸಿ ದುಡ್ಡು ತಗೊಂಡು ಹೋದರು. ಮೂರು ತಿಂಗಳಿಗೆ ಮಂಚದ ಮೇಲೆ ಮತ್ತೆ ಮೈದಾ.

ತಪ್ಪು ಅವರದ್ದಷ್ಟೇ ಅಲ್ಲ. ತೂತು ಕಂಡರೆ ಒಳಗೆ ಹುಳ ಇದೆ ಅಂತ ನಾನೂ ನಂಬಿದ್ದೆ. ಆದರೆ ಆ ತೂತು ಹುಳ ಒಳಗೆ ಹೋದ ದಾರಿ ಅಲ್ಲ, ಹೊರಗೆ ಬಂದ ದಾರಿ. ಸಣ್ಣ ಕಂದು ಜೀರುಂಡೆ ಮರದ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದ ಮರಿಹುಳ ಒಳಗೇ ತಿಂಗಳುಗಟ್ಟಲೆ ಕೊರೆದು ತಿನ್ನುತ್ತದೆ. ರೆಕ್ಕೆ ಬಂದ ಮೇಲೆ ತೂತು ಮಾಡಿಕೊಂಡು ಹಾರಿಹೋಗುತ್ತದೆ. ನಮ್ಮ ಹೊನ್ನೆ ತೊಲೆಯ ಹುಳಗಳು ನಾನು ಹುಟ್ಟುವ ಮುಂಚೆಯೇ ಜಾಗ ಖಾಲಿ ಮಾಡಿರಬೇಕು.

ಇದು ಯಾರ ಕೆಲಸ?

ಉದುರಿದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಟಾಲ್ಕಂ ಪೌಡರ್ ಥರ ನುಣ್ಣಗಿದ್ದು, ತೂತು ಒಂದೆರಡು ಮಿಲಿಮೀಟರ್ ಇದ್ದರೆ ಅದು ನಮ್ಮ ಕಡೆಯ ಮಾಮೂಲಿ ಕುಟ್ಟೆ. ಪುಡಿ ಸ್ವಲ್ಪ ತರಿತರಿಯಾಗಿದ್ದರೂ ಕುಟ್ಟೆಯೇ, ಬೇರೆ ಜಾತಿಯದು. ತೇವ ಇರುವ ಹಳೇ ಮರದಲ್ಲಿ ಅದು ಜಾಸ್ತಿ.

ಪುಡಿ ಇಲ್ಲದೆ ಗೋಡೆ ಮೇಲೆ ಮಣ್ಣಿನ ಗೆರೆ ಹತ್ತಿದ್ದರೆ ಅದು ಗೆದ್ದಲು, ಅಂದರೆ ಒರಲೆ. ಅದರ ಚಿಕಿತ್ಸೆಯೇ ಬೇರೆ, ನೆಲದಿಂದ ಶುರುವಾಗಬೇಕು. ಈ ಲೇಖನ ಅದಕ್ಕೆ ಉಪಯೋಗ ಆಗುವುದಿಲ್ಲ. ಗಸಗಸೆಯಂಥ ಗಟ್ಟಿ ಕಾಳು ರಾಶಿ ಬಿದ್ದಿದ್ದರೆ ಒಣಮರದಲ್ಲೇ ವಾಸಿಸುವ ಇನ್ನೊಂದು ಬಗೆಯ ಗೆದ್ದಲು.

ಇನ್ನು ಬೆರಳು ತೂರುವಷ್ಟು ದೊಡ್ಡ, ಅಚ್ಚುಕಟ್ಟಾದ ದುಂಡನೆಯ ತೂತು, ಕೆಳಗೆ ಗರಗಸದ ಹೊಟ್ಟಿನಂಥ ಪುಡಿ ಇದೆಯಾ? ಅದು ಸೂರಿನ ಹತ್ತಿರ ಗುಂಯ್ ಅಂತ ತಿರುಗುವ ದೊಡ್ಡ ಕಪ್ಪು ದುಂಬಿಯದು. ಅದು ಮರ ತಿನ್ನುವುದಿಲ್ಲ, ಮರಿ ಮಾಡಲು ಕೊರೆಯುತ್ತದೆ ಅಷ್ಟೆ. ತೋಟದ ಹೂಗಳಿಗೆ ಪರಾಗ ಮುಟ್ಟಿಸುವ ದುಂಬಿ. ಅದು ಜಾಗ ಬಿಟ್ಟ ಮೇಲೆ ಮರದ ಬಿರಡೆ ಬಡಿದರೆ ಮುಗಿಯಿತು.

ಕಾಫಿ ಬೆಳೆಗಾರರು "ಬೋರರ್ ಮನೆಗೂ ಬಂತಾ?" ಅಂತ ಕೇಳುವುದುಂಟು. ಅರೇಬಿಕಾ ಗಿಡ ಒಣಗಿಸುವ ಬಿಳಿ ಕಾಂಡಕೊರಕ ಬೇರೆ, ಇದು ಬೇರೆ. ಅದಕ್ಕೆ ಮೊಟ್ಟೆ ಇಡಲು ಜೀವಂತ ಗಿಡದ ತೊಗಟೆ ಬೇಕು. ಕಾಫಿ ಬುಡ ತಂದು ಟೀಪಾಯಿ ಮಾಡಿಸಿದ್ದರೆ ಒಳಗಿದ್ದದ್ದು ಹೊರಗೆ ಬರಬಹುದು. ನಿಮ್ಮ ಪಕಾಸಿಗೆ ಬಾಯಿ ಹಾಕುವುದಿಲ್ಲ.

ಹುಳ ಈಗ ಇದೆಯಾ, ಇತ್ತಾ?

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಖರ್ಚು ಮಾತ್ರ ಸೊನ್ನೆ.

ಮೊದಲು ಮರವನ್ನು ಸುತ್ತಿಗೆಯ ಹಿಡಿಯಿಂದ ಚೆನ್ನಾಗಿ ತಟ್ಟಿ, ಬ್ರಶ್ಶಿನಿಂದ ಗುಡಿಸಿ. ಇಲ್ಲದಿದ್ದರೆ ಅಟ್ಟದ ಮೇಲೆ ಇಲಿ ಓಡಿದರೂ, ರಸ್ತೆಯಲ್ಲಿ ಲಾರಿ ಹೋದರೂ ಹಳೇ ಪುಡಿ ಉದುರಿ ನಿಮ್ಮನ್ನು ಮೋಸಗೊಳಿಸುತ್ತದೆ. ಆಮೇಲೆ ಕಾಣುವ ತೂತುಗಳಿಗೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಮೇಣ ಒತ್ತಿ ಮುಚ್ಚಿ. ಕೆಳಗೆ ಕಪ್ಪು ಅಥವಾ ಕಡು ಬಣ್ಣದ ಕಾಗದ ಹಾಸಿ, ತಾರೀಖು ಬರೆದಿಡಿ. ಪುಡಿ ಬಿಳಿ ಆದ್ದರಿಂದ ಬಿಳಿ ಪೇಪರಿನ ಮೇಲೆ ಕಾಣುವುದಿಲ್ಲ. ನಾನು ಮೊದಲ ವಾರ ದಿನಪತ್ರಿಕೆ ಹಾಸಿ ಸುಮ್ನೆ ಕಣ್ಣು ನೋಯಿಸಿಕೊಂಡೆ.

ಮೂರು ವಾರ ಬಿಡಿ. ಹೊಸ ಪುಡಿ ಬಿದ್ದಿದ್ದರೆ, ಪೆನ್ಸಿಲ್ ಸುತ್ತು ಇಲ್ಲದ ತೂತು ಎದ್ದಿದ್ದರೆ ಹುಳ ಜೀವಂತ. ಹೊಸ ತೂತಿನ ಒಳಗೆ ಮರದ ಬಣ್ಣ ತಿಳಿಯಾಗಿರುತ್ತದೆ, ಹಳೆಯದರಲ್ಲಿ ಕಪ್ಪು ಧೂಳು. ಏನೂ ಕಾಣದಿದ್ದರೂ ಬಿಸಿಲುಗಾಲದಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಮತ್ತೆ ಕಾಗದ ಹಾಸಿ. ಆಗಲೂ ಇಲ್ಲವೆಂದರೆ ದುಡ್ಡು ಜೇಬಿನಲ್ಲೇ ಇರಲಿ.

ನಮ್ಮನೆಯಲ್ಲಿ ಹೊನ್ನೆ, ಹೆಬ್ಬಲಸಿನ ಕೆಳಗಿನ ಕಾಗದ ಶುಭ್ರವಾಗಿತ್ತು. ಹೊಸ ಕೋಣೆಯ ಸಿಲ್ವರ್ ಓಕ್ ಪಕಾಸಿಗಳ ಕೆಳಗೆ ಮಾತ್ರ ಪುಟ್ಟ ಪುಟ್ಟ ಗುಡ್ಡೆ.

ಕಾರಣ ಇದೆ. ಈ ಹುಳಕ್ಕೆ ಬೇಕಿರುವುದು ಮರ ಅಲ್ಲ, ಮರದೊಳಗಿನ ಗಂಜಿ, ಅಂದರೆ ಪಿಷ್ಟ. ಗಂಜಿ ಇರುವುದು ಹೊರಗಿನ ಬಿಳಿ ಭಾಗದಲ್ಲಿ. ಒಳಗಿನ ಕೆಚ್ಚಿನಲ್ಲಿ ಅದು ಇರುವುದಿಲ್ಲ, ಜೊತೆಗೆ ಹುಳಕ್ಕೆ ಆಗದ ಅಂಶಗಳು ತುಂಬಿಕೊಂಡಿರುತ್ತವೆ. ಹಲಸಿನ ಹಳದಿ ಕೆಚ್ಚು, ಬೀಟೆ, ಹೊನ್ನೆ, ಸಾಗುವಾನಿಯ ಕೆಚ್ಚು ಉಳಿಯುವುದು ಹಾಗಾಗಿ. ಅದೇ ಹಲಸಿನ ಬಿಳಿ ಅಂಚನ್ನು ತೆಗೆಯದೆ ಕೊಯ್ಸಿದರೆ ಆ ಅಂಚಷ್ಟೂ ಹಿಟ್ಟಾಗುತ್ತದೆ. ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕನ್ನು ಕಡಿದು ಹಸಿಯಾಗಿಯೇ ಸೂರಿಗೆ ಏರಿಸುತ್ತೇವಲ್ಲ, ಅದು ಹುಳಕ್ಕೆ ಎಲೆ ಹಾಕಿ ಬಡಿಸಿದ ಹಾಗೆ.

ಗಟ್ಟಿ ಇದೆಯಾ?

ಸ್ಕ್ರೂಡ್ರೈವರ್ ತಗೊಂಡು ತೂತು ದಟ್ಟವಾಗಿರುವ ಕಡೆ ಒತ್ತಿ. ಮೇಲಿನ ತೆಳು ಪದರ ಮಾತ್ರ ಪುಡಿಯಾಗಿ, ಒಳಗೆ ಗಟ್ಟಿ ಸಿಕ್ಕರೆ ಭಯ ಬೇಡ, ಕೆರೆದು ತೆಗೆಯಿರಿ. ಸರ್ರನೆ ಒಳಗೆ ಹೋದರೆ, ಅದರಲ್ಲೂ ಗೋಡೆಗೆ ಕೂರುವ ತುದಿಯಲ್ಲಿ ಹಾಗಾದರೆ, ನೀವೇ ಕೈ ಹಾಕಬೇಡಿ. ಮೇಲೆ ಮಂಗಳೂರು ಹೆಂಚಿನ ಭಾರ ಇದೆ. ಆಚಾರ್ರನ್ನು ಕರೆಸಿ, ಕೆಳಗೆ ಊರುಗೋಲು ಕೊಟ್ಟು ಬದಲಾಯಿಸುವುದೇ ಸರಿ. ಯಾವ ಔಷಧಿಯೂ ತಿಂದುಹೋದ ಮರವನ್ನು ವಾಪಸ್ ಕೊಡುವುದಿಲ್ಲ.

ಔಷಧಿ ಬಳಿಯುವುದು

ಜನವರಿಯಿಂದ ಮಾರ್ಚ್‌ವರೆಗೆ ಒಳ್ಳೆ ಸಮಯ. ಮಲೆನಾಡಿನ ಮಳೆಯಲ್ಲಿ ಏನು ಬಳಿದರೂ ಒಣಗುವುದಿಲ್ಲ.

ವಾರ್ನಿಷ್, ಬಣ್ಣ ಇದ್ದರೆ ಉಪ್ಪುಕಾಗದದಲ್ಲಿ ಪೂರ್ತಿ ಉಜ್ಜಿ ತೆಗೆಯಿರಿ. ಬೇಜಾರಿನ ಕೆಲಸ, ಕತ್ತು ನೋಯುತ್ತದೆ. ಆದರೆ ನನ್ನ ಮೊದಲ ದುಡ್ಡು ಹಾಳಾದದ್ದು ಇಲ್ಲೇ. ವಾರ್ನಿಷ್ ಮೇಲೆ ಬಿದ್ದ ಔಷಧಿ ಕೆಸುವಿನೆಲೆ ಮೇಲಿನ ನೀರು.

ಮನೆಯೊಳಗಿನ ಮರಕ್ಕೆ ನಾನು ಬಳಸಿದ್ದು ಬಿಳಿಗಾರ ಮತ್ತು ಬೋರಿಕ್ ಆಸಿಡ್. ಬಿಳಿಗಾರ ಅಂದರೆ ಅಕ್ಕಸಾಲಿಗರು ಬೆಸುಗೆಗೆ ಹಾಕುವುದು, ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಬೋರಿಕ್ ಆಸಿಡ್ ಕೇರಂ ಬೋರ್ಡಿಗೆ ಉದುರಿಸುವ ಪುಡಿ. 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬಿಳಿಗಾರ, 400 ಗ್ರಾಂ ಬೋರಿಕ್ ಆಸಿಡ್ ಹಾಕಿ ಪೂರ್ತಿ ಕರಗುವ ತನಕ ತಿರುಗಿಸಿ. ಬ್ರಶ್ಶಿನಲ್ಲಿ ಮರ ಕುಡಿಯುವಷ್ಟು ಬಳಿಯಿರಿ. ಸ್ವಲ್ಪ ಆರಿದ ಮೇಲೆ ಮತ್ತೊಮ್ಮೆ, ಮಾರನೇ ದಿನ ಇನ್ನೊಮ್ಮೆ. ಕಡಿದ ತುದಿಗಳನ್ನು, ಬಿರುಕುಗಳನ್ನು ಮರೆಯಬೇಡಿ. ತೂತುಗಳಿಗೆ ಸಿರಿಂಜಿನಲ್ಲಿ ಬಿಡಿ. ಒಂದರಲ್ಲಿ ಬಿಟ್ಟರೆ ಪಕ್ಕದ ತೂತಿನಿಂದ ಚಿಮ್ಮುತ್ತದೆ, ಒಳಗೆ ಎಲ್ಲ ಸುರಂಗ. ಹಾಗಾಗಿ ಕನ್ನಡಕ ಬೇಕೇ ಬೇಕು, ಕೈಗವಸೂ ಬೇಕು. ಸೂರಿನಲ್ಲಿ ವೈರ್ ಹಾದುಹೋಗಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ. ಮಕ್ಕಳು, ಬಸುರಿಯರು ಹತ್ತಿರ ಬೇಡ. ಮಿಕ್ಕಿದ್ದನ್ನು ಹಳೇ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ, ಯಾರಾದರೂ ಕುಡಿದಾರು.

ಇದು ನೀರಿನಲ್ಲಿ ಕರಗುವ ಔಷಧಿ. ಮಳೆ ಹೊಡೆಯುವ ಸೂರಿನ ಅಂಚಿಗೆ, ಬೇಲಿ ಕಂಬಕ್ಕೆ ನಿಲ್ಲುವುದಿಲ್ಲ. ಅಂಥ ಕಡೆಗೆ ಮರಕ್ಕೆಂದೇ ಮಾರುವ ಎಣ್ಣೆಯಂಥ ಔಷಧಿ ಸಿಗುತ್ತದೆ, ಡಬ್ಬದ ಮೇಲಿನ ಸೂಚನೆ ಓದಿ ಬಳಸಿ. ಅದು ಬೇಗ ಬೆಂಕಿ ಹಿಡಿಯುವಂಥದ್ದು, ಅಡುಗೆಮನೆ ಒಲೆ ಆರಿರಲಿ. ಸೀಮೆಎಣ್ಣೆ ಒರೆಸಿದರೆ ಸಾಕು ಅನ್ನುವವರಿದ್ದಾರೆ. ಅದು ಮೇಲೆಯೇ ಆರಿಹೋಗುತ್ತದೆ, ಒಳಗಿನ ಹುಳಕ್ಕೆ ಗೊತ್ತೂ ಆಗುವುದಿಲ್ಲ.

ಬಳಿದ ಮೇಲೂ ಕೆಲವು ತಿಂಗಳು ಅಲ್ಲಲ್ಲಿ ಪುಡಿ ಬೀಳಬಹುದು. ಆಳದಲ್ಲಿ ಮೊದಲೇ ಬೆಳೆದಿದ್ದವು ಹೊರಬರುತ್ತಿರುತ್ತವೆ. ಕಾಗದ ಹಾಸುತ್ತಾ ಇರಿ. ಗುಡ್ಡೆ ಕಡಿಮೆಯಾಗುತ್ತಾ ಬಂದರೆ ಸರಿ, ಒಂದು ವರ್ಷವಾದರೂ ಅಷ್ಟೇ ಇದ್ದರೆ ಮತ್ತೆ ಬಳಿಯಬೇಕು. ಚೆನ್ನಾಗಿ ಒಣಗಿದ ಮೇಲೆ ವಾರ್ನಿಷ್ ಹೊಡೆಯಿರಿ. ಮೊಟ್ಟೆ ಇಡುವ ಸಂದು ಮುಚ್ಚಬೇಕು, ಆದ್ದರಿಂದ ಕಾಣದ ಬದಿಗೂ ಹೊಡೆಯಿರಿ. ಮಂಚದ ಅಡಿ, ಕಪಾಟಿನ ಹಿಂಬದಿ ನಾವು ಬಿಟ್ಟುಬಿಡುತ್ತೇವೆ ಅಲ್ವಾ, ಕುಟ್ಟೆ ಶುರುವಾಗುವುದು ಅಲ್ಲೇ.

ಮುಂದೆ ಮರ ತರುವಾಗ

ಬಿದಿರನ್ನು ಕೆರೆಯಲ್ಲಿ ವಾರಗಟ್ಟಲೆ ಮುಳುಗಿಸಿ ಇಡುತ್ತಿದ್ದರಲ್ಲ ಹಿರಿಯರು, ಅದರಲ್ಲಿ ಅರ್ಥ ಇದೆ. ಗಂಜಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಸಿಲ್ವರ್ ಬಳಸುವುದೇ ಆದರೆ ಕೊಯ್ಸಿದ ತಕ್ಷಣ, ಹಸಿ ಇರುವಾಗಲೇ ಬಿಳಿಗಾರದ ನೀರಿನಲ್ಲಿ ಅದ್ದಿ, ಟಾರ್ಪಾಲು ಮುಚ್ಚಿ ಕೆಲವು ವಾರ ಇಡಿ. ಹಸಿ ಮರದಲ್ಲಿ ಔಷಧಿ ತಾನೇ ಒಳಗೆ ಇಳಿಯುತ್ತದೆ. ಕಿತ್ತ ಪಕಾಸಿಯನ್ನು "ಸೌದೆಗಾಗುತ್ತದೆ" ಅಂತ ಕೊಟ್ಟಿಗೆಯಲ್ಲಿ ಒಟ್ಟಬೇಡಿ. ಯಾವ ಔಷಧಿಯೂ ತಾಗದೆ ಕಿತ್ತದ್ದಾದರೆ ಅದೇ ವಾರ ಒಲೆಗೆ ಹಾಕಿ.

ಕಡಗೋಲು, ಚನ್ನೆಮಣೆಯಂಥ ಸಣ್ಣ ವಸ್ತುಗಳಿಗೆ ಔಷಧಿಯೇ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಎರಡು ವಾರ ಫ್ರೀಜರ್‌ನಲ್ಲಿಡಿ, ಹುಳ ಸಾಯುತ್ತದೆ. ನಮ್ಮ ಅಜ್ಜಿಯ ಚನ್ನೆಮಣೆ ಈಗ ಅಲ್ಲೇ ಇದೆ, ಐಸ್‌ಕ್ರೀಮಿಗೆ ಜಾಗ ಇಲ್ಲ ಅಂತ ಮಕ್ಕಳ ಗಲಾಟೆ.