ಪೋಸ್ಟ್ ತೆಗೆಸಬೇಕೇ? ಯಾವ ಬಾಗಿಲು ತಟ್ಟಬೇಕು ಅಂತ ಮೊದಲು ತಿಳಿಯಿರಿ

ನಾನು ದಾವಣಗೆರೆಯಲ್ಲಿ ವಕೀಲೆ. ಈಚೆಗೆ ಜಾಗದ ತಕರಾರಿನ ಜೊತೆ ಮೊಬೈಲ್ ತಕರಾರೂ ಜಾಸ್ತಿ ಬರುತ್ತಿವೆ: ಯಾರೋ ತಿರುಚಿದ ಫೋಟೋ ಹಾಕಿದ್ದಾರೆ, ಸುಳ್ಳು ಪೋಸ್ಟ್ ಬರೆದಿದ್ದಾರೆ ಅಂತ. ಬಂದವರು ಸಿಟ್ಟಿನಲ್ಲೇ ಕೇಳುತ್ತಾರೆ: “ಮೇಡಂ, ಇಂಥದ್ದನ್ನ ಇಟ್ಕೊಂಡು ಕೂತಿರೋ ಕಂಪನಿ ಮೇಲೇ ಕೇಸ್ ಹಾಕೋಕಾಗಲ್ವಾ?”

ಹಾಕಬಹುದು, ಆದರೆ ಮೊದಲ ದಿನವೇ ಅಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಂಥವು ಕಾನೂನಿನ ಕಣ್ಣಿಗೆ ಮಧ್ಯವರ್ತಿಗಳು. ಬೇರೆಯವರು ಹಾಕಿದ್ದಕ್ಕೆ ಮಧ್ಯವರ್ತಿ ಹೊಣೆಯಲ್ಲ ಅಂತ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಹೇಳುತ್ತದೆ. 2004ರಲ್ಲಿ ಬಾಝೀ ಡಾಟ್ ಕಾಮ್ ಅನ್ನುವ ಆನ್‌ಲೈನ್ ಮಾರಾಟ ತಾಣದಲ್ಲಿ ಯಾರೋ ಅಶ್ಲೀಲ ವಿಡಿಯೋ ಮಾರಾಟಕ್ಕಿಟ್ಟಾಗ ಕಂಪನಿಯ ಮುಖ್ಯಸ್ಥರನ್ನೇ ಬಂಧಿಸಿದ್ದರು. ಆಮೇಲೆ 2008ರ ತಿದ್ದುಪಡಿಯಲ್ಲಿ ಈ ರಕ್ಷಣೆ ಈಗಿನ ರೂಪಕ್ಕೆ ಬಂತು. ಆದರೆ ಅದಕ್ಕೆ ಷರತ್ತಿದೆ. 2021ರ ಐಟಿ ನಿಯಮಗಳನ್ನು ಕಂಪನಿ ಪಾಲಿಸಬೇಕು. ಪಾಲಿಸದಿದ್ದರೆ 79ನೇ ಸೆಕ್ಷನ್‌ನ ರಕ್ಷಣೆ ಸಿಗುವುದಿಲ್ಲ ಅಂತ ಆ ನಿಯಮಗಳ 7ನೇ ನಿಯಮವೇ ಹೇಳುತ್ತದೆ. ಹಾಗಾಗಿ ನಿಮ್ಮ ದೂರು ಕಂಪನಿಯನ್ನು ಈ ನಿಯಮಗಳ ಗಡುವಿಗೆ ಕಟ್ಟಿಹಾಕುವಂತಿರಬೇಕು.

ಎಲ್ಲಕ್ಕಿಂತ ಮೊದಲು ಸಾಕ್ಷ್ಯ. ಬಹಳ ಜನ ಗಾಬರಿಯಲ್ಲಿ ರಿಪೋರ್ಟ್ ಬಟನ್ ಒತ್ತಿ, ಆ ಖಾತೆಯನ್ನು ಬ್ಲಾಕ್ ಮಾಡಿ ನನ್ನ ಹತ್ತಿರ ಬರುತ್ತಾರೆ. ಅಷ್ಟರಲ್ಲಿ ಪೋಸ್ಟೂ ಇರುವುದಿಲ್ಲ, ಹಾಕಿದವನ ಸುಳಿವೂ ಇರುವುದಿಲ್ಲ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ, ಸಮಯ, ಖಾತೆಯ ಹೆಸರು ಅದರಲ್ಲಿ ಕಾಣಬೇಕು. ಪೋಸ್ಟಿನ ಪೂರ್ತಿ ಲಿಂಕ್ ಮತ್ತು ಖಾತೆಯ ಲಿಂಕ್ ಎರಡನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಪ್ರೊಫೈಲ್ ಹೆಸರು ಒಂದು ಗಂಟೆಯಲ್ಲಿ ಬದಲಾಗಬಹುದು, ಲಿಂಕ್ ಇದ್ದರೆ ಹುಡುಕಲು ದಾರಿ ಇರುತ್ತದೆ. ಆ ಮೊಬೈಲನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಕೋರ್ಟಿನಲ್ಲಿ ಡಿಜಿಟಲ್ ಸಾಕ್ಷ್ಯ ಹಾಜರುಪಡಿಸುವಾಗ ಅದನ್ನು ಯಾವ ಸಾಧನದಿಂದ ಹೇಗೆ ತೆಗೆದದ್ದು ಅಂತ ದೃಢಪಡಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಬೇಕು. ಬರೀ ಪ್ರಿಂಟ್ ತೆಗೆದುಕೊಂಡು ಹೋದರೆ ಎದುರು ವಕೀಲರು ಬಿಡುವುದಿಲ್ಲ.

ಇನ್ನು ಬಾಗಿಲಿನ ವಿಷಯ. ನಿಮ್ಮ ಪ್ರಕರಣ ಯಾವ ಬಗೆಯದು ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ.

ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಅಮ್ಮನ ಜೊತೆ ಬಂದಿದ್ದಳು. ಅವಳ ಮುಖವನ್ನು ಬೇರೆ ಯಾರದೋ ದೇಹಕ್ಕೆ ಅಂಟಿಸಿ, ಅವಳದೇ ಹೆಸರಿನಲ್ಲಿ ಖಾತೆ ತೆರೆದಿದ್ದರು. ಇಂಥದ್ದಕ್ಕೆ ಕೋರ್ಟಿನ ಆದೇಶ ಬೇಕಿಲ್ಲ. ಖಾಸಗಿ ಅಂಗ, ನಗ್ನತೆ, ಲೈಂಗಿಕ ಕ್ರಿಯೆಯ ಚಿತ್ರ, ನಿಮ್ಮ ಹೆಸರಿನ ನಕಲಿ ಖಾತೆ, ತಿರುಚಿದ ಫೋಟೋ, ಇವಕ್ಕೆಲ್ಲ ಅದೇ 2021ರ ಐಟಿ ನಿಯಮಗಳ 3(2)(ಬಿ) ನಿಯಮ ಇದೆ. ನೊಂದವರು ಅಥವಾ ಅವರ ಪರವಾಗಿ ಯಾರೇ ದೂರು ಕೊಟ್ಟರೂ ಸಾಕು. 2021ರಲ್ಲಿ ಚಿತ್ರ ತೆಗೆಯಲು ಕಂಪನಿಗೆ 24 ಗಂಟೆಯ ಗಡುವು ಇಟ್ಟಿದ್ದರು, ಆಮೇಲಿನ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿದೆ. ಅಮ್ಮನೇ ದೂರು ಕೊಡಬಹುದು ಅಂದಾಗ ಆ ಹುಡುಗಿಗೆ ಎಷ್ಟು ಧೈರ್ಯ ಬಂತು ಅಂತ ನಾನು ನೋಡಿದ್ದೇನೆ. ಆ ಚಿತ್ರದ ಬಗ್ಗೆ ಅವಳೇ ಮತ್ತೆ ಮತ್ತೆ ಬರೆಯುವ ಕಷ್ಟ ತಪ್ಪಿತು.

ದೂರನ್ನು ಆ್ಯಪ್‌ನ ರಿಪೋರ್ಟ್ ಬಟನ್‌ಗೆ ನಿಲ್ಲಿಸಬೇಡಿ. ದೂರು ವಿಚಾರಿಸುವ ಗ್ರೀವೆನ್ಸ್ ಆಫೀಸರ್ ಹೆಸರು ಮತ್ತು ವಿಳಾಸವನ್ನು ಕಂಪನಿ ತನ್ನ ತಾಣದಲ್ಲಿ ಹಾಕಲೇಬೇಕು. ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ದೊಡ್ಡ ಕಂಪನಿಗಳಲ್ಲಿ ಆ ಅಧಿಕಾರಿ ಇಲ್ಲೇ ವಾಸವಿರಬೇಕು. ಅವರಿಗೆ ಬರೆಯಿರಿ. ನಾನು ಬರೆಸುವುದು ಹೀಗೆ: “ಕೆಳಗಿನ ಲಿಂಕ್‌ನಲ್ಲಿರುವ ಚಿತ್ರ ನನ್ನ ಮುಖ ಬಳಸಿ ತಿರುಚಿದ್ದು. ನನ್ನ ಒಪ್ಪಿಗೆ ಇಲ್ಲ. 2021ರ ಐಟಿ ನಿಯಮಗಳ 3(2)(ಬಿ) ಅಡಿ ಇದನ್ನು ಕೂಡಲೇ ತೆಗೆಯಿರಿ. ಹಾಕಿದವರ ನೋಂದಣಿ ವಿವರವನ್ನು ತನಿಖೆಗಾಗಿ ಕಾಯ್ದಿಡಿ.” ಅಷ್ಟೇ. ಕಥೆ ಬೇಡ, ಬೈಗುಳ ಬೇಡ. ದೂರು ಸೇರಿದ್ದಕ್ಕೆ ಕಂಪನಿ 24 ಗಂಟೆಯೊಳಗೆ ಉತ್ತರ ಕೊಡಬೇಕು. ಆ ದೂರಿನ ನಂಬರ್ ಜೋಪಾನ ಮಾಡಿ.

ಖಾಸಗಿ ಚಿತ್ರ ಇನ್ನೂ ಹರಡಿಲ್ಲ, ಆದರೆ ಯಾರೋ ಹೆದರಿಸುತ್ತಿದ್ದಾರೆ ಅನ್ನಿ. 18 ದಾಟಿದವರು ಅದು ಹರಡದಂತೆ ತಡೆಯಲು ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಅನ್ನುವ ತಾಣ ಬಳಸಬಹುದು. ನಿಮ್ಮ ಫೋಟೋ ಮೊಬೈಲ್ ಬಿಟ್ಟು ಹೋಗುವುದಿಲ್ಲ. ಅದರ ಗುರುತಿನ ಸಂಕೇತ ಮಾತ್ರ, ಅದರಲ್ಲಿ ಸೇರಿರುವ ಕಂಪನಿಗಳಿಗೆ ಹೋಗುತ್ತದೆ.

ಎರಡನೆಯದು ಮಾನಹಾನಿ. ಇಲ್ಲಿ ಜನ ತುಂಬಾ ನಿರಾಶರಾಗುತ್ತಾರೆ. ಬೆಣ್ಣೆದೋಸೆ ಹೋಟೆಲ್ ಇಟ್ಟಿರುವ ಒಬ್ಬರು ಬಂದಿದ್ದರು. ಚಟ್ನಿಯಲ್ಲಿ ಹಲ್ಲಿ ಸಿಕ್ಕಿತು ಅಂತ ಯಾರೋ ಸುಳ್ಳೇ ಬರೆದಿದ್ದಾರೆ, ಎಷ್ಟು ಸಲ ರಿಪೋರ್ಟ್ ಮಾಡಿದರೂ ತೆಗೆಯುತ್ತಿಲ್ಲ ಅಂತ ಅವರ ಅಳಲು. ಸುಳ್ಳೋ ನಿಜವೋ ಅಂತ ಕಂಪನಿ ತೀರ್ಮಾನಿಸಬೇಕಿಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್ ಬರಹಕ್ಕೆ ಜನರನ್ನು ಬಂಧಿಸಲು ಬಳಸುತ್ತಿದ್ದ 66ಎ ಸೆಕ್ಷನ್ ರದ್ದು ಮಾಡಿತಲ್ಲ, ಅದೇ ತೀರ್ಪು ಇದನ್ನೂ ಹೇಳಿತು: ಗೊತ್ತಾದ ಮೇಲೂ ತೆಗೆಯದಿದ್ದರೆ ರಕ್ಷಣೆ ಇಲ್ಲ ಅನ್ನುವ 79ನೇ ಸೆಕ್ಷನ್ನಿನಲ್ಲಿ ಕಂಪನಿಗೆ ‘ಗೊತ್ತಾಗುವುದು’ ಅಂದರೆ ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ತಲುಪುವುದು. 2022ರ ಅಕ್ಟೋಬರ್ ತಿದ್ದುಪಡಿಯಲ್ಲಂತೂ ಬಳಕೆದಾರರು ಏನೇನು ಹಾಕಬಾರದು ಅನ್ನುವ ನಿಯಮದ ಪಟ್ಟಿಯಿಂದ ಮಾನಹಾನಿಯ ಪದವನ್ನೇ ತೆಗೆದರು.

ಇದು ಸರಿ ಅಂತಲೇ ನನ್ನ ಅಭಿಪ್ರಾಯ. ದೂರು ಬಂದ ಕೂಡಲೇ ತೆಗೆಯಬೇಕು ಅಂತಿದ್ದರೆ, ರಸ್ತೆ ಗುಂಡಿಯ ಫೋಟೋ ಹಾಕಿದವರ ಪೋಸ್ಟೂ ಗುತ್ತಿಗೆದಾರನ ಒಂದು ಇಮೇಲ್‌ಗೆ ಮಾಯವಾಗುತ್ತಿತ್ತು. ಹೋಟೆಲಿನವರಿಗೆ ನಾನು ಹೇಳಿದ್ದು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ, ಮಧ್ಯಂತರ ತಡೆಯಾಜ್ಞೆ ಕೇಳೋಣ ಅಂತ. ಬರೆದವರನ್ನೂ ಕಂಪನಿಯನ್ನೂ ಪ್ರತಿವಾದಿ ಮಾಡಬೇಕು. ಆದೇಶದಲ್ಲಿ ಪ್ರತಿ ಲಿಂಕ್ ಬರೆಸಬೇಕು. ಲಿಂಕ್ ಇಲ್ಲದ ಆದೇಶ ಹಿಡಿದು ಹೋದರೆ ಯಾವುದನ್ನು ತೆಗೆಯಬೇಕು ಅಂತಲೇ ವಾದ ಶುರುವಾಗುತ್ತದೆ.

ಗ್ರೀವೆನ್ಸ್ ಆಫೀಸರ್ ಕೊಟ್ಟ ಉತ್ತರ ಸರಿ ಅನ್ನಿಸದಿದ್ದರೆ ಕೇಂದ್ರ ಸರ್ಕಾರದ ಗ್ರೀವೆನ್ಸ್ ಅಪೆಲೇಟ್ ಕಮಿಟಿಗೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಎಲ್ಲಾ ಆನ್‌ಲೈನ್, ದೆಹಲಿಗೆ ಓಡಾಡಬೇಕಿಲ್ಲ.

ಪೊಲೀಸರ ಬಗ್ಗೆ ಒಂದು ಮಾತು. “ಸಾಹೇಬ್ರಿಗೆ ಹೇಳಿ ಒಂದು ಲೆಟರ್ ಹಾಕಿಸಿಬಿಡಿ ಮೇಡಂ” ಅಂತ ಕೇಳುವವರಿದ್ದಾರೆ. 2025ರ ನವೆಂಬರ್ 15ರಿಂದ, ಐಟಿ ನಿಯಮಗಳ 3(1)(ಡಿ) ನಿಯಮದಡಿ ಪೋಸ್ಟ್ ತೆಗೆಯಲು ಪೊಲೀಸರು ಸೂಚನೆ ಕೊಡಬೇಕಾದರೆ ಡಿಐಜಿ ದರ್ಜೆಗಿಂತ ಕಡಿಮೆಯಿಲ್ಲದ, ಅದಕ್ಕೆಂದೇ ನೇಮಿಸಿದ ಅಧಿಕಾರಿಯೇ ಕೊಡಬೇಕು. ಠಾಣೆಯ ಇನ್‌ಸ್ಪೆಕ್ಟರ್‌ಗೆ ಆ ಅಧಿಕಾರ ಇಲ್ಲ. ಆದರೆ ಹಾಕಿದವರು ಯಾರು ಅಂತ ಪತ್ತೆ ಮಾಡಲು ಕಂಪನಿಯಿಂದ ವಿವರ ಕೇಳಿ ನೋಟಿಸ್ ಕೊಡುವ ಅಧಿಕಾರ ತನಿಖಾಧಿಕಾರಿಗೆ ಇದೆ. ಅದಕ್ಕೇ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ, ಅಥವಾ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಹಾಕಿ.

ವಾಟ್ಸಾಪ್ ಗ್ರೂಪ್ ಅಡ್ಮಿನ್‌ಗಳೂ ಹೆದರಿಕೊಂಡು ಕೇಳುತ್ತಾರೆ. ಸದಸ್ಯರು ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಹೊಣೆ ಬರುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೇ ಅದನ್ನು ಫಾರ್ವರ್ಡ್ ಮಾಡಿದರೆ ಮಾತ್ರ ಈ ತೀರ್ಪುಗಳು ನಿಮ್ಮನ್ನು ಕಾಯುವುದಿಲ್ಲ.

ತಡ ಮಾಡಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ತೆಗೆದ ಪೋಸ್ಟನ್ನು ತನಿಖೆಗಾಗಿ ಕಂಪನಿ 180 ದಿನ ಕಾಯ್ದಿಡಬೇಕು. ಖಾತೆ ಮುಚ್ಚಿದ ಮೇಲೆ ನೋಂದಣಿ ವಿವರಕ್ಕೂ ಅಷ್ಟೇ ಅವಧಿ. ಕೋರ್ಟ್ ಅಥವಾ ತನಿಖಾ ಸಂಸ್ಥೆ ಕೇಳಿದರೆ ಇನ್ನೂ ಹೆಚ್ಚು ಕಾಲ ಪೋಸ್ಟನ್ನು ಇಡಬೇಕಾಗುತ್ತದೆ. ಆದ್ದರಿಂದ ಪೋಸ್ಟ್ ಹೋಯಿತು ಅಂತ ಸುಮ್ಮನಾಗದೆ, ದೂರಿನ ನಂಬರ್ ಹಿಡಿದು ಅದೇ ವಾರ ಸಿಇಎನ್ ಠಾಣೆಗೆ ಹೋಗಿ.