ಪಾಯಿಂಟ್ ಲೋಬೋಸ್: ಮರದ ಗುಡಿಸಲಿನಿಂದ ಶುರುವಾದ ಒಂದು ಬೆಳಗು

ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಬೋಸ್ ರಕ್ಷಿತಾರಣ್ಯಕ್ಕೆ ನಾವು ಮೊದಲ ಸಲ ಹೋದಾಗ ಒಳಗೆ ಕಾಲಿಡಲೂ ಆಗಲಿಲ್ಲ. ಶನಿವಾರ ಹನ್ನೊಂದು ಗಂಟೆಗೆ ತಲುಪಿದಾಗ ಒಳಗಿನ ವಾಹನ ನಿಲ್ದಾಣ ಭರ್ತಿಯಾಗಿತ್ತು. ಹೆದ್ದಾರಿ 1ರ ಅಂಚಿನಲ್ಲೂ ಕಾರು ನಿಲ್ಲಿಸಲು ಜಾಗ ಸಿಗದೆ ಮರಳಿದೆವು. ಈ ಜನವರಿಯಲ್ಲಿ ಅಮ್ಮ ಊರಿನಿಂದ ಬಂದಿದ್ದಾಗ ಆ ತಪ್ಪು ಮಾಡಲಿಲ್ಲ. ಸನ್ನಿವೇಲ್‌ನಿಂದ ಆರು ಗಂಟೆಗೇ ಹೊರಟು, ಕಾರ್ಮೆಲ್ ಪಟ್ಟಣ ದಾಟಿ ಸುಮಾರು ಐದು ಕಿಲೋಮೀಟರ್ ದಕ್ಷಿಣಕ್ಕಿರುವ ಗೇಟಿನ ಮುಂದೆ ಎಂಟಕ್ಕೆ ಮೊದಲೇ ನಿಂತಿದ್ದೆವು.

ಹೆಚ್ಚಿನವರು ನೇರವಾಗಿ ಕಡಲ ಸಿಂಹಗಳ ಬಂಡೆಯತ್ತ ಧಾವಿಸುತ್ತಾರೆ. ನಾನು ಮಾತ್ರ ಮೊದಲು ವೇಲರ್ಸ್ ಕೋವ್ ಎಂಬ ಪುಟ್ಟ ಕೊಲ್ಲಿಗೆ ಹೋಗಬೇಕೆಂದು ಹಟ ಹಿಡಿದೆ. ಆ ಕೊಲ್ಲಿಯ ಮೇಲಿನ ಮರದ ಗುಡಿಸಲನ್ನು 1850ರ ದಶಕದಲ್ಲಿ ಚೀನೀ ಮೀನುಗಾರರು ಕಟ್ಟಿದರು. ನೆಲದ ಹಲಗೆಗಳಿಗೆ ಆಧಾರವಾಗಿ ಅವರು ಬಳಸಿದ್ದು ತಿಮಿಂಗಿಲದ ಬೆನ್ನುಮೂಳೆಗಳನ್ನು. ಅಜೋರ್ಸ್ ದ್ವೀಪಗಳ ಪೋರ್ಚುಗೀಸರು 1862ರಿಂದ 1879ರವರೆಗೆ ಇದೇ ಕೊಲ್ಲಿಯಿಂದ ತಿಮಿಂಗಿಲ ಬೇಟೆ ನಡೆಸಿದರು: ಸಮೀಪದ ಗುಡ್ಡದ ಮೇಲೆ ಕಾವಲುಗಾರನೊಬ್ಬ ನೀರಿನ ಚಿಲುಮೆಗಾಗಿ ಕಣ್ಣಿಟ್ಟಿರುತ್ತಿದ್ದ, ಅದು ಕಂಡೊಡನೆ ಹುಟ್ಟುಹಾಕುವ ದೋಣಿಗಳು ಹೊರಡುತ್ತಿದ್ದವು, ಕೊಂದ ಪ್ರಾಣಿಯನ್ನು ದಡಕ್ಕೆ ಎಳೆದು ತಂದು ಅದರ ಕೊಬ್ಬನ್ನು ಕಬ್ಬಿಣದ ದೊಡ್ಡ ಕಡಾಯಿಗಳಲ್ಲಿ ಕಾಯಿಸಿ ದೀಪದ ಎಣ್ಣೆ ತೆಗೆಯುತ್ತಿದ್ದರು. ಸೀಮೆಎಣ್ಣೆ ಅಗ್ಗವಾಗಿ ದೊರೆಯತೊಡಗಿದ ಮೇಲೆ ಆ ವ್ಯಾಪಾರ ಕುಸಿಯಿತು.

ಗುಡಿಸಲಿನ ಹೊರಗೆ ಅಂಥ ಕಡಾಯಿಗಳನ್ನೂ ತಿಮಿಂಗಿಲದ ಮೂಳೆಗಳನ್ನೂ ಇಟ್ಟಿದ್ದಾರೆ. ಗಂಗೊಳ್ಳಿಯ ಹತ್ತಿರ ಹುಟ್ಟಿ ಬೆಳೆದ ಅಮ್ಮ ಕಡಾಯಿಯ ಮುಂದೆ ಬಹಳ ಹೊತ್ತು ನಿಂತರು. "ದೋಣಿಗೆ ಬಳಿಯಲು ನಮ್ಮಲ್ಲೂ ಮೀನೆಣ್ಣೆ ಕಾಯಿಸುತ್ತಿದ್ದರು ಮಗಾ, ಹಂಡೆ ಇದರ ಕಾಲು ಭಾಗವೂ ಇರಲಿಲ್ಲ, ಆದರೂ ಆ ನಾತ ಮೂರು ಮನೆಯಾಚೆಗೆ ಬರುತ್ತಿತ್ತು" ಎಂದರು. ಸುಂದರವೆಂದು ನಾವು ಫೋಟೋ ತೆಗೆಯುತ್ತಿದ್ದ ಕೊಲ್ಲಿಯಲ್ಲಿ ಆಗ ಎಂಥ ಹೊಗೆ, ಎಂಥ ದುರ್ವಾಸನೆ ತುಂಬಿತ್ತೆಂಬುದು ನನಗೆ ಹೊಳೆದದ್ದು ಆಗಲೇ. ಯಾವ ಫಲಕವೂ ಅದನ್ನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ತಿಮಿಂಗಿಲ ಬೇಟೆಯ ನಂತರ ಅಬಲೋನ್ ಎಂಬ ಚಿಪ್ಪುಜೀವಿಯ ಸರದಿ ಬಂತು. ಜಪಾನಿನಿಂದ ಬಂದ ಗೆನ್ನೊಸುಕೆ ಕೊಡಾನಿ ಎಂಬಾತ ಇಲ್ಲಿಗೆ ಮುಳುಗುಗಾರರನ್ನು ಕರೆತಂದು, ಅಲೆಕ್ಸಾಂಡರ್ ಅಲನ್ ಜೊತೆ ಪಾಲುದಾರನಾಗಿ ಅಬಲೋನ್ ಡಬ್ಬಿ ತುಂಬುವ ಕಾರ್ಖಾನೆ ನಡೆಸಿದ. ಇದೇ ಅಲನ್ 1898ರಲ್ಲಿ ಇಲ್ಲಿನ ಭೂಮಿ ಕೊಂಡ. ಅದಕ್ಕೂ ಮೊದಲು ಕಲ್ಲಿದ್ದಲು ಕಂಪನಿಯೊಂದು ಇದನ್ನು ಮನೆ ನಿವೇಶನಗಳಾಗಿ ಸೀಳಿ ಮಾರಿತ್ತು. ಆತ ಆ ನಿವೇಶನಗಳನ್ನು ಒಂದೊಂದಾಗಿ ಮರಳಿ ಕೊಂಡ. ಇಲ್ಲವಾದರೆ ಇಂದು ಇಲ್ಲಿ ಕೋಟ್ಯಧೀಶರ ಬಂಗಲೆಗಳ ಬೇಲಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲವೇನೋ. 1933ರಲ್ಲಿ ಇದು ರಾಜ್ಯದ ರಕ್ಷಿತ ಪ್ರದೇಶವಾಯಿತು, 1960ರಲ್ಲಿ ನೀರಿನೊಳಗಿನ ಭಾಗಕ್ಕೂ ರಕ್ಷಣೆ ದೊರೆಯಿತು.

ಅಲ್ಲಿಂದ ಸೈಪ್ರಸ್ ತೋಪಿನ ಹಾದಿ ಹಿಡಿದೆವು. ಮಾಂಟೆರೆ ಸೈಪ್ರಸ್ ಮರಗಳು ಜಗತ್ತಿನಲ್ಲಿ ತಾವಾಗಿಯೇ ಬೆಳೆಯುವುದು ಎರಡೇ ಕಡೆ, ಅದರಲ್ಲಿ ಇದೊಂದು. ಗಾಳಿಗೆ ಬಾಗಿದ ಕೊಂಬೆಗಳ ಒಂದು ಬದಿಗೆ ಕುಂಕುಮ ಮೆತ್ತಿದಂತೆ ಕಿತ್ತಳೆಗೆಂಪಿನ ಪದರ ಅಂಟಿತ್ತು. ಅದು ರೋಗವಲ್ಲ, ಪಾಚಿ; ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೋಟಿನ್ ಅದರಲ್ಲೂ ಇದೆ. ದಾರಿ ಸುಮಾರು ಒಂದೂಕಾಲು ಕಿಲೋಮೀಟರಿನ ಸುತ್ತು. ಅಲ್ಲಲ್ಲಿ ಕಲ್ಲಿನ ಮೆಟ್ಟಿಲುಗಳಿವೆ, ಮೊಣಕಾಲು ನೋವಿನ ಅಮ್ಮ ನಿಧಾನವಾಗಿ ನಡೆದು ಮುಗಿಸಿದರು. ಹಾದಿ ಬಿಟ್ಟು ಪೊದೆಗೆ ಕೈ ಹಾಕಬಾರದು, ಮೈಯೆಲ್ಲ ತುರಿಸುವ ಪಾಯಿಸನ್ ಓಕ್ ಎಲ್ಲೆಡೆ ಬೆಳೆದಿದೆ.

ಕೊನೆಗೆ ಕಡಲ ಸಿಂಹಗಳ ಬಂಡೆ. ಸ್ಪೇನಿನವರು ಈ ಚಾಚಿಗೆ ಕಡಲ ತೋಳಗಳ ಭೂಶಿರ ಎಂಬರ್ಥದ ಹೆಸರಿಟ್ಟದ್ದು ಇವುಗಳಿಂದಲೇ. ಅವು ಕಾಣಿಸುವ ಮೊದಲೇ ಅವುಗಳ ಬೊಗಳು ಕೇಳಿಸುತ್ತದೆ. ನನಗೆ ಅವುಗಳಿಗಿಂತ ಹೆಚ್ಚು ಹಿಡಿಸಿದ್ದು ಕೆಲ್ಪ್ ಪಾಚಿಯ ನಡುವೆ ಅಂಗಾತ ತೇಲುತ್ತಿದ್ದ ಒಂದು ಕಡಲ ನೀರುನಾಯಿ. ಎದೆಯ ಮೇಲೆ ಕಲ್ಲೊಂದನ್ನು ಇಟ್ಟುಕೊಂಡು ಅದಕ್ಕೆ ಚಿಪ್ಪನ್ನು ಕುಟ್ಟುತ್ತಿದ್ದ ಸದ್ದು ದಡದವರೆಗೂ ಟಕಟಕ ಎಂದು ಕೇಳುತ್ತಿತ್ತು. ತುಪ್ಪಳಕ್ಕಾಗಿ ಈ ಕರಾವಳಿಯಲ್ಲಿ ಇವನ್ನು ಎಷ್ಟು ಕೊಂದಿದ್ದರೆಂದರೆ, ಪೂರ್ತಿ ಅಳಿದುಹೋದವೆಂದೇ ಜನ ನಂಬಿದ್ದರು. 1938ರಲ್ಲಿ ಇಲ್ಲಿಗೆ ದಕ್ಷಿಣದ ಬಿಕ್ಸ್‌ಬಿ ಹೊಳೆಯ ಬಾಯಿಯ ಬಳಿ ಒಂದು ಗುಂಪು ಕಾಣಿಸಿಕೊಂಡಿತು. ಬೈನಾಕ್ಯುಲರ್ ಮರೆಯದೆ ಒಯ್ಯಿರಿ; ನಾವು ಒಯ್ದದ್ದರಿಂದಲೇ ದೂರದಲ್ಲಿ ದಕ್ಷಿಣಕ್ಕೆ ಸಾಗುತ್ತಿದ್ದ ಬೂದು ತಿಮಿಂಗಿಲದ ಚಿಲುಮೆಯನ್ನು ಎರಡು ಬಾರಿ ನೋಡಲು ಸಾಧ್ಯವಾಯಿತು. ಅಮ್ಮನಿಗೆ ಮೊದಲನೆಯದು ತಪ್ಪಿತು, ಎರಡನೆಯದು ಸಿಕ್ಕಿತು.

ಹನ್ನೆರಡೂವರೆಗೆ ಕಾರಿನ ಬಳಿ ಬಂದಾಗ, ನಾವು ಹೊರಡುವುದನ್ನೇ ಕಾಯುತ್ತಿದ್ದ ಇನ್ನೊಂದು ಕಾರು ಹಿಂದೆ ನಿಂತಿತ್ತು. ಬುತ್ತಿಯ ಚಿತ್ರಾನ್ನವನ್ನು ಕಾರ್ಮೆಲ್ ತಲುಪಿದ ಮೇಲೆ ತಿಂದೆವು.